ಸಮಸ್ಯಾಪೂರಣ: ‘ಊಟ ಮುಗಿಯುವ ತನಕ ಹೊಳೆ ಹಿಂದೆ ಹರಿದಿತ್ತು’

ಮೇಷ್ಟ್ರು:
ಈ ವಾರದ ಪದ್ಯದ ಕೊನೆಯ ಸಾಲು ಮೇಲಿದೆ; ಮೊದಲ ಮೂರು ಸಾಲು ನೀವು ಕಟ್ಟಬೇಕು. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಅಂದರೆ ಗುಂಪು. ಪ್ರತಿ ಸಾಲಿನ ಎರಡನೇ ಅಕ್ಷರ ‘ಟ’, ಅದರ ಹಿಂದೆ ದೀರ್ಘ. ಅಂದರೆ ಗಜಪ್ರಾಸ. ಕೋಟು, ಬೋಟು, ಪ್ಲೇಟು ಎಲ್ಲ ನಡೆಯುತ್ತದೆ, ಸಂಕೋಚ ಬೇಡ. ಆದರೆ ಹೊಳೆ ಯಾಕೆ ಹಿಂದೆ ಹರಿಯಿತು ಅನ್ನುವುದು ಒಪ್ಪುವ ಹಾಗಿರಬೇಕು. ಕನಸು, ದೇವರ ಮಹಿಮೆ ಅಂತ ಜಾರಿಕೊಳ್ಳುವ ಹಾಗಿಲ್ಲ.

ಪಡ್ಡೆ ಪದ್ಯಗಾರ:
ಸುಲಭ ಮೇಷ್ಟ್ರೇ! ‘ಬಾಟಲಿ ಮೂರಾಯ್ತು...’ ಅಂತ ಶುರು ಮಾಡಿದೆ. ಕುಡಿದವನ ಕಣ್ಣಿಗೆ ಹೊಳೆ ಯಾವ ಕಡೆ ಹರಿದರೇನು?

ಮೇಷ್ಟ್ರು:
ಬಾಟಲಿ ಮೂರೇ ಇರಲಿ, ಮಾತ್ರೆ ತಪ್ಪಿದೆ ತಮ್ಮಾ. ‘ಬಾಟಲಿ’ ನಾಲ್ಕು, ‘ಮೂ’ ಎರಡು. ಐದಕ್ಕೆ ಗಣ ಮುರಿಯುವುದೇ ಇಲ್ಲ. ಒಂದು ‘ಯು’ ಸೇರಿಸಿಕೊಂಡು ಬಾ.

ಲಂಡನ್ ಅತ್ತಿಗೆ:
ಮೇಷ್ಟ್ರೇ, ಇದು ಕಣ್ಣಾರೆ ಕಂಡದ್ದು. ಹೋದ ಭಾನುವಾರ ನಾವು ಐದು ಜನ ಲ್ಯಾಂಬೆತ್‌ನಲ್ಲಿ 2015ರಿಂದ ನಿಂತಿರುವ ಬಸವಣ್ಣನಿಗೆ ಕೈಮುಗಿದು, ಥೇಮ್ಸ್ ದಡದಲ್ಲೇ ನಡೆದು ರಾಥರ್‌ಹೈತ್‌ಗೆ ಹೋದೆವು. ಬಸವಣ್ಣನಿಂದ ನೇರ ಪಬ್ಬಿಗೆ! ಬೈಯಬೇಡಿ. ಕೂತಾಗ ಕೆಳಗೆ ಬರೀ ಕೆಸರು, ಮುರಿದ ಇಟ್ಟಿಗೆ, ತುಕ್ಕು ಹಿಡಿದ ಸರಪಳಿ. ರೋಸ್ಟ್ ಬಂತು. ಯಾರ್ಕ್‌ಶೈರ್ ಪುಡ್ಡಿಂಗ್ ಸಿಹಿ ಅಂದುಕೊಂಡು ನಮ್ಮವರು ಕೊನೆಗೆ ತಿನ್ನಲು ಎತ್ತಿಟ್ಟರು. ಅದು ಗ್ರೇವಿಯಲ್ಲಿ ಅದ್ದಿ ತಿನ್ನುವ ಉಪ್ಪಿನ ತಿಂಡಿ. ಅಷ್ಟರಲ್ಲಿ ಒಂದು ಖಾಲಿ ಬಾಟಲಿ ನೀರಲ್ಲಿ ತೇಲಿಕೊಂಡು ಟವರ್ ಬ್ರಿಜ್ ಕಡೆಗೆ, ಅಂದರೆ ಸಮುದ್ರ ಬಿಟ್ಟು ಊರೊಳಗೆ, ಹೊರಟಿತ್ತು! ಲಂಡನ್ನಿನ ಪಶ್ಚಿಮದ ಟೆಡಿಂಗ್ಟನ್ ತನಕ ಥೇಮ್ಸಿಗೆ ಕಡಲಿನ ಉಬ್ಬರ ಇಳಿತ ಉಂಟು. ಲಂಡನ್ ಬ್ರಿಜ್ ಹತ್ತಿರ ದೊಡ್ಡ ಉಬ್ಬರಕ್ಕೆ 7 ಮೀಟರ್ ಏರುತ್ತದೆ. ಏರುವುದಕ್ಕೆ ಸುಮಾರು 6 ಗಂಟೆ. ನಮ್ಮ ಊಟವೂ ಹಾಗೇ ಎಳೆಯಿತು ಅನ್ನಿ.

ಕೂಟ ಸೇರಿತು ಥೇಮ್ಸು ದಡದ ಪಬ್ಬಿನ ಮೂಲೆ,
ತಾಟಿನಲಿ ಬಿಸಿ ರೋಸ್ಟು, ಕೈಯೊಳಗೆ ಪೈಂಟಿತ್ತು;
ಆಟ ಹೂಡಿತು ಕಡಲು ಪಡುವಣಕೆ ನೀರೊತ್ತಿ,
ಊಟ ಮುಗಿಯುವ ತನಕ ಹೊಳೆ ಹಿಂದೆ ಹರಿದಿತ್ತು.

ಮೇಷ್ಟ್ರು:
ಭೇಷ್! ‘ಪಡುವಣಕೆ’ ಒಂದೇ ಮಾತಲ್ಲಿ ಕೆಲಸ ಮುಗಿಸಿದಿರಿ. ನದಿ ಮೂಡಣ ಕಡಲಿಗೆ ಹೋಗಬೇಕಿತ್ತು, ಅಲ್ವಾ.

ಹೊನ್ನಾವರದ ಹುಡುಗಿ:
ಅತ್ತಿಗೇ, ಇದಕ್ಕೆ ಲಂಡನ್ನಿಗೆ ಯಾಕೆ ಹೋಗಬೇಕು? ನಮ್ಮ ಶರಾವತಿಯೂ ಭರತಿ, ಅಂದರೆ ಉಬ್ಬರ, ಬಂದಾಗ ಹಿಂದೆ ಸರಿಯುತ್ತಾಳೆ. ಪಕ್ಕದ ಅಘನಾಶಿನಿ ಹೊಳೆಯ ದಡದ ತಗ್ಗಿನ ಗಜನಿ ಗದ್ದೆಗೆ ಉಪ್ಪುನೀರು ನುಗ್ಗುವುದೂ ಹೀಗೆ. ಅದಕ್ಕೇ ಅಲ್ಲಿ ಉಪ್ಪಿಗೆ ಜಗ್ಗದ ಕಗ್ಗ ಭತ್ತ. ಪಬ್ಬಿಲ್ಲ, ಮಾವನ ಮನೆಯ ಹಿತ್ತಲ ಕಟ್ಟೆ ಇದೆ.

ಬೋಟು ಕಟ್ಟಿದ ಮಾವ, ಕುಚ್ಚಿಲಕ್ಕಿಯ ಗಂಜಿ,
ನೀಟಾಗಿ ಹುರಿದಿಟ್ಟ ಬಂಗುಡೆಯ ನಂಚುತಿರೆ
ದಾಟಿಯಳಿವೆಯ ಬಾಯ ಬಂತು ಭರತಿಯ ನೀರು,
ಊಟ ಮುಗಿಯುವ ತನಕ ಹೊಳೆ ಹಿಂದೆ ಹರಿದಿತ್ತು.

ಲಂಡನ್ ಅತ್ತಿಗೆ:
ಬಂಗುಡೆ ಅಂದುಬಿಟ್ಟೆಯಲ್ಲೇ. ನನ್ನ ರೋಸ್ಟ್ ಸಪ್ಪೆಯಾಯಿತು.

ಮೇಷ್ಟ್ರು:
ನನ್ನ ಮತ ಬಂಗುಡೆಗೆ. ‘ನೀಟಾಗಿ’ ಅಂಥ ಪದವನ್ನು ಪ್ರಾಸದ ಜಾಗದಲ್ಲಿ ಸುಮ್ನೆ ಕೂರಿಸುವುದು ಸುಲಭವಲ್ಲ.

ಪಡ್ಡೆ ಪದ್ಯಗಾರ:
ಮೇಷ್ಟ್ರೇ, ‘ಯು’ ಸೇರಿಸಿದ್ದೇನೆ. ಉಳಿದದ್ದೂ ಬಂತು, ನೋಡಿ.

ಬಾಟಲಿಯು ಮೂರಾಯ್ತು, ತಲೆಯು ತಿರುಗುತಲಿತ್ತು,
ಸೀಟಿನಲಿ ಕುಳಿತವಗೆ ಸೇತುವೆಯೆ ನಡೆದಿತ್ತು;
ರೇಟು ನೋಡಿದ ಮೇಲೆ ಸರಿಹೋಯ್ತು, ಅದುವರೆಗೆ –
ಊಟ ಮುಗಿಯುವ ತನಕ – ಹೊಳೆ ಹಿಂದೆ ಹರಿದಿತ್ತು!