ಅನಿಮೇಷನ್ ಚಿತ್ರದ ದೈತ್ಯ ಗೊರಿಲ್ಲಾಕ್ಕೆ ತೂಕವೇ ಬರುತ್ತಿಲ್ಲ, ತಪ್ಪು ಎಲ್ಲಿದೆ?

ಕುಂಚ24 (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ನಿಮಿಷದ ಅನಿಮೇಷನ್ ಕಿರುಚಿತ್ರವೊಂದನ್ನು ನಾನೊಬ್ಬನೇ ಮಾಡುತ್ತಿದ್ದೇನೆ. ಸುಮಾರು 18 ಮೀಟರ್ ಎತ್ತರದ, ಗೊರಿಲ್ಲಾದಂತಹ ದೈತ್ಯ ಪ್ರಾಣಿಯೊಂದು ಕಾಡಿನಿಂದ ಹೊರಬಂದು, ಎದೆ ಬಡಿದುಕೊಂಡು, ಸೇತುವೆಯನ್ನು ಮುರಿಯುವುದು ಅದರ ಮುಖ್ಯ ದೃಶ್ಯ. ಮೈಕಟ್ಟು, ರೋಮ, ಬೆಳಕು ಎಲ್ಲವೂ ಸ್ಥಿರಚಿತ್ರದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆದರೆ ಅದು ಎರಡು ಹೆಜ್ಜೆ ಇಟ್ಟೊಡನೆ, ಗೊರಿಲ್ಲಾ ವೇಷದ ಮನುಷ್ಯನೊಬ್ಬ ಆಟಿಕೆಯ ಸೇತುವೆಯ ಮುಂದೆ ಕುಣಿಯುತ್ತಿರುವಂತೆ ತೋರುತ್ತದೆ. ನಿಜವಾದ ಗೊರಿಲ್ಲಾಗಳ ವಿಡಿಯೋ ಇಟ್ಟುಕೊಂಡು, ಫ್ರೇಮಿಗೆ ಫ್ರೇಮು ಹೊಂದಿಸಿಯೇ ಚಲನೆಯನ್ನು ರಚಿಸಿದ್ದೇನೆ. ಕೊನೆಗೆ ಇಡೀ ದೃಶ್ಯವನ್ನು ನಿಧಾನಗೊಳಿಸಿಯೂ ನೋಡಿದೆ. ಆಗ ಅದು ನೀರೊಳಗೆ ನಡೆಯುತ್ತಿರುವಂತೆ ಕಂಡಿತು. ಏನು ಮಾಡಬೇಕು?

ಲೋಲಕ

ವಿಡಿಯೋವನ್ನು ಫ್ರೇಮಿಗೆ ಫ್ರೇಮು ಅನುಸರಿಸಿದ್ದೇ ತೊಂದರೆಯ ಮೂಲ ಎಂದು ನನಗನ್ನಿಸುತ್ತದೆ. ನಿಮ್ಮ ಪ್ರಾಣಿ ನೆಟ್ಟಗೆ ನಿಂತ ಗೊರಿಲ್ಲಾಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಎತ್ತರವಾಗಿದೆ, ಆದ್ದರಿಂದ ಅದರ ಕೈ ಕೆಳಗಿಳಿಯಬೇಕಾದ ದೂರವೂ ಹತ್ತು ಪಟ್ಟಾಗಿದೆ. ಗುರುತ್ವಾಕರ್ಷಣೆ ಮಾತ್ರ ಹತ್ತು ಪಟ್ಟಾಗಿಲ್ಲ. 1.8 ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟಲು 0.6 ಸೆಕೆಂಡು ಸಾಕು, ಅಂದರೆ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಹದಿನಾಲ್ಕು ಹದಿನೈದು ಫ್ರೇಮು. ಅದೇ ಕಲ್ಲು 18 ಮೀಟರ್ ಎತ್ತರದಿಂದ ಬಿದ್ದರೆ 1.9 ಸೆಕೆಂಡು, ಸುಮಾರು 46 ಫ್ರೇಮು ಬೇಕು. ದೂರ ಹತ್ತು ಪಟ್ಟಾದರೆ ಕಾಲ ಹತ್ತರ ವರ್ಗಮೂಲದಷ್ಟು, ಅಂದರೆ 3.16 ಪಟ್ಟು ಹಿಗ್ಗುತ್ತದೆ. ಆದುದರಿಂದ ವಿಡಿಯೋದಲ್ಲಿ 12 ಫ್ರೇಮಿಗೆ ಮುಗಿದ ಹೆಜ್ಜೆಗೆ ನೀವು 38 ಫ್ರೇಮು ಕೊಡಬೇಕು. ಇದು ಸಿನಿಮಾದವರ ಹಳೆಯ ಲೆಕ್ಕವೇ: ಹತ್ತನೆಯ ಒಂದರಷ್ಟು ಗಾತ್ರದ ಮಾದರಿ ಕಟ್ಟಡವನ್ನು ಕುಸಿಯಿಸುವಾಗ ಕ್ಯಾಮೆರಾವನ್ನು ಸೆಕೆಂಡಿಗೆ 76 ಫ್ರೇಮಿನಷ್ಟು ವೇಗದಲ್ಲಿ ಓಡಿಸಿ, ಅದನ್ನು 24ರ ವೇಗದಲ್ಲಿ ತೋರಿಸಿದರೆ ಕುಸಿತ ನಿಜವೆನಿಸುತ್ತದೆ.

ಹಾಗಾದರೆ ನಿಧಾನಗೊಳಿಸಿದಾಗ ಅದೇಕೆ ತೇಲಿತು? ನೀವು ಇಡೀ ದೃಶ್ಯವನ್ನು ನಿಧಾನಗೊಳಿಸಿದಿರಿ. ಅಂದರೆ ಎಲೆ, ಧೂಳು, ಹಕ್ಕಿ, ಓಡುವ ಜನ ಎಲ್ಲರೂ ನಿಧಾನವಾದರು. ಅವರ ಗಾತ್ರ ಬದಲಾಗಿಲ್ಲವಾದ್ದರಿಂದ ಅವರ ವೇಗವೂ ಬದಲಾಗಕೂಡದು. ಪ್ರಾಣಿಯ ಒಂದು ಹೆಜ್ಜೆ ಮುಗಿಯುವಷ್ಟರಲ್ಲಿ ಮನುಷ್ಯ ನಾಲ್ಕಾರು ಹೆಜ್ಜೆ ಓಡಿರಬೇಕು. ಪ್ರೇಕ್ಷಕನ ಕಣ್ಣು ಗಾತ್ರವನ್ನು ಅಳೆಯುವುದು ಆ ವ್ಯತ್ಯಾಸದಿಂದಲೇ. ಇನ್ನೊಂದು ಅನುಮಾನವೂ ನನಗಿದೆ. 38 ಫ್ರೇಮುಗಳನ್ನು ಸಮನಾದ ಅಂತರದಲ್ಲಿ ಹಂಚಿದರೂ ಪಾದ ತೇಲುತ್ತದೆ. ಬೀಳುವ ವಸ್ತು ಅರ್ಧ ಕಾಲದಲ್ಲಿ ಕಾಲು ಭಾಗದಷ್ಟು ದೂರವನ್ನು ಮಾತ್ರ ಕ್ರಮಿಸುತ್ತದೆ, ಉಳಿದ ಮುಕ್ಕಾಲು ಭಾಗವನ್ನು ಉಳಿದರ್ಧದಲ್ಲಿ ಮುಗಿಸುತ್ತದೆ. ಮೇಲೆ ಚಿತ್ರಗಳು ಒತ್ತೊತ್ತಾಗಿ, ನೆಲದ ಬಳಿ ದೂರದೂರವಾಗಿ ಇರಲಿ.

ಮುಂಗೈ

ಎರಡು ಸಣ್ಣ ಮಾತುಗಳು. ಗೊರಿಲ್ಲಾ ಮುಷ್ಟಿಯಿಂದ ಎದೆ ಗುದ್ದಿಕೊಳ್ಳುವುದಿಲ್ಲ; ಬಟ್ಟಲಿನಂತೆ ಬಾಗಿಸಿದ ಅಂಗೈಯಿಂದ ಬಡಿದುಕೊಳ್ಳುತ್ತದೆ. ನಡೆಯುವಾಗ ಕೈಬೆರಳುಗಳನ್ನು ಮಡಚಿ ಗೆಣ್ಣುಗಳ ಮೇಲೆ ಭಾರ ಹಾಕುತ್ತದೆ. ನಿಮ್ಮ ಪ್ರಾಣಿ ಉದ್ದಕ್ಕೂ ಎರಡೇ ಕಾಲಿನ ಮೇಲೆ ನಡೆಯುತ್ತಿದ್ದರೆ ಅದು ವೇಷಧಾರಿಯಂತೆ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಧ್ವನಿಯನ್ನೂ ಮರೆಯಬೇಡಿ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ದೂರದ ದೃಶ್ಯದಲ್ಲಿ ಎದೆಗೆ ಬಿದ್ದ ಪೆಟ್ಟು ಕಂಡು ಒಂದು ಸೆಕೆಂಡಿನ ನಂತರ ಸದ್ದು ಕೇಳಿಸಿದರೆ ಆ ದೂರವೂ ಗಾತ್ರವೂ ಒಟ್ಟಿಗೇ ಮನಸ್ಸಿಗೆ ಇಳಿಯುತ್ತವೆ.

ಹಳೆಯ_ರೀಲು

ಲೋಲಕ ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಲೆಕ್ಕವನ್ನೇ ಪೂರ್ತಿ ನಂಬಿದರೆ ಈ ಪ್ರಾಣಿ ಎದ್ದು ನಿಲ್ಲುವುದೇ ಅಸಾಧ್ಯ. 160 ಕಿಲೋ ತೂಗುವ ಗೊರಿಲ್ಲಾವನ್ನು ಎಲ್ಲ ದಿಕ್ಕಿಗೂ ಹತ್ತು ಪಟ್ಟು ಹಿಗ್ಗಿಸಿದರೆ ತೂಕ ಸಾವಿರ ಪಟ್ಟಾಗಿ 160 ಟನ್ ಮುಟ್ಟುತ್ತದೆ, ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ ನೂರು ಪಟ್ಟಾಗುತ್ತದೆ. ಗೆಲಿಲಿಯೋ 1638ರಲ್ಲಿಯೇ ಬರೆದಿಟ್ಟ ವಿಷಯವಿದು. ಹೀಗೆ ಮೊದಲ ಸುಳ್ಳನ್ನು ಒಪ್ಪಿಕೊಂಡ ಮೇಲೆ, ಉಳಿದ ಸುಳ್ಳುಗಳಲ್ಲಿ ಯಾವುದು ದೃಶ್ಯಕ್ಕೆ ಒದಗುತ್ತದೆ ಎಂಬುದಷ್ಟೇ ಮುಖ್ಯ.

1933ರ ‘ಕಿಂಗ್ ಕಾಂಗ್’ ಚಿತ್ರವನ್ನೇ ನೋಡಿ. ವಿಲ್ಲಿಸ್ ಓಬ್ರಿಯನ್ ಒಂದೊಂದೇ ಫ್ರೇಮಿಗೆ ಸರಿಸಿ ಸರಿಸಿ ಜೀವ ತುಂಬಿದ ಕಾಂಗ್, ಮಾರ್ಸೆಲ್ ಡೆಲ್ಗಾಡೋ ಲೋಹದ ಅಸ್ಥಿಪಂಜರದ ಮೇಲೆ ಕಟ್ಟಿದ, ಹದಿನೆಂಟು ಅಂಗುಲದಷ್ಟು ಎತ್ತರದ ಬೊಂಬೆ. ದ್ವೀಪದಲ್ಲಿ ಹದಿನೆಂಟು ಅಡಿಯಂತೆ ಕಾಣುವ ಅದನ್ನು ನ್ಯೂಯಾರ್ಕಿನ ಕಟ್ಟಡಗಳ ನಡುವೆ ಇಪ್ಪತ್ತನಾಲ್ಕು ಅಡಿಯಂತೆ ತೋರಿಸಿದರು. ನಗರದಲ್ಲಿ ಪ್ರಾಣಿ ಕುಗ್ಗಿ ಕಾಣಬಾರದೆಂಬುದು ನಿರ್ದೇಶಕ ಮೇರಿಯನ್ ಕೂಪರ್ ಅವರ ಆಲೋಚನೆ. ಓಬ್ರಿಯನ್ ಬೆರಳು ತಾಗಿದಲ್ಲೆಲ್ಲ ರೋಮ ಕದಲಿ, ತೆರೆಯ ಮೇಲೆ ಅದು ತಾನಾಗಿ ಅಲುಗುತ್ತಿರುವಂತೆ ಕಾಣುತ್ತದೆ. ಕೆಲಸದ ದೃಷ್ಟಿಯಿಂದ ಅದು ದೋಷವೇ. ನೋಡುವವರಿಗೆ ಮಾತ್ರ ಕೋಪದಿಂದ ರೋಮ ನಿಮಿರಿದಂತೆ ಕಾಣುತ್ತದೆ. ಆ ಕಾಂಗ್ 3.16ರ ಲೆಕ್ಕದಲ್ಲಿ ನಡೆಯುವುದಿಲ್ಲ, ಹಲವೆಡೆ ಚುರುಕಾಗಿಯೇ ಚಲಿಸುತ್ತದೆ. ಆದರೂ ಅದರ ಮುಖ ಯೋಚಿಸುವುದರಿಂದ ನಾವು ನಂಬುತ್ತೇವೆ. ಸೇತುವೆಯನ್ನು ಹಿಡಿಯುವ ಮೊದಲು ನಿಮ್ಮ ಪ್ರಾಣಿ ಅದನ್ನೊಮ್ಮೆ ನೋಡುತ್ತದೆಯೇ? ಕ್ಯಾಮೆರಾ ಎಲ್ಲಿದೆ? ಅದು ಪ್ರಾಣಿಯ ಎದೆಯ ಮಟ್ಟದಲ್ಲಿ ಹಾರಾಡುತ್ತಿದ್ದರೆ ಯಾವ ಲೆಕ್ಕವೂ ನಿಮ್ಮನ್ನು ಕಾಪಾಡದು; ನೆಲದಲ್ಲಿ ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ ಇಳಿಸಿ.

ಕುಂಚ24

ಮೂವರಿಗೂ ಧನ್ಯವಾದಗಳು. ಹೆಜ್ಜೆಯನ್ನು 38 ಫ್ರೇಮಿಗೆ ಹಿಗ್ಗಿಸಿ, ಜನರನ್ನು ಮೂಲ ವೇಗದಲ್ಲಿಯೇ ಬಿಟ್ಟು, ಕ್ಯಾಮೆರಾವನ್ನು ಸೇತುವೆಯ ಮೇಲಿರುವ ವ್ಯಕ್ತಿಯ ಹಿಂದೆ ಇರಿಸಿದೆ. ನಡಿಗೆಗೆ ತೂಕ ಬಂದಿದೆ. ಆದರೆ ಎದೆ ಬಡಿತವನ್ನೂ ಅಷ್ಟೇ ಹಿಗ್ಗಿಸಿದಾಗ ರೋಷವೆಲ್ಲ ಸೋರಿಹೋಗಿ, ಪ್ರಾಣಿ ಮೈ ತಡವಿಕೊಳ್ಳುತ್ತಿರುವಂತೆ ಕಾಣುತ್ತಿದೆ.

ಲೋಲಕ

ಅಲ್ಲಿ ಹಳೆಯ_ರೀಲು ಅವರ ಮಾತನ್ನೇ ಕೇಳಿ. ಕಾಲು ಕೆಳಗಿಳಿಯುವುದು ಬಹುಪಾಲು ಭಾರದಿಂದ; ಎದೆ ಬಡಿಯುವ ಕೈ ಚಲಿಸುವುದು ಸ್ನಾಯುವಿನ ಬಲದಿಂದ, ಆದ್ದರಿಂದ ಅಲ್ಲಿ ನಿಮಗೆ ಸ್ವಾತಂತ್ರ್ಯವಿದೆ. ಬಡಿತವನ್ನು ಒಂದೂವರೆ ಪಟ್ಟಿಗೆ ಇಳಿಸಿ ನೋಡಿ, ಪ್ರತಿ ಪೆಟ್ಟಿನ ನಂತರ ಎದೆಯ ಮಾಂಸವೂ ರೋಮವೂ ಕೈಗಿಂತ ತಡವಾಗಿ ಅಲುಗಿ ನಿಧಾನವಾಗಿ ನೆಲೆಗೊಳ್ಳಲಿ.