ಪಿಎಫ್‌ಎಎಸ್‌ಗೆ ‘ಶಾಶ್ವತ ರಾಸಾಯನಿಕ’ ಎನ್ನಬಹುದೇ?

ಕುಮಟಾದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಪಂಚಾಯ್ತಿಯ ನೀರು ಸಮಿತಿಯವರಿಗಾಗಿ ಒಂದು ಕರಪತ್ರ ಸಿದ್ಧವಾಗುತ್ತಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೂಸಿಕ್ ಫಾಲ್ಸ್ ಎಂಬ ಸಣ್ಣ ಊರಿನ ಕುಡಿಯುವ ನೀರಿನಲ್ಲಿ 2014ರಲ್ಲಿ ಪಿಎಫ್‌ಒಎ ಎಂಬ ಕೈಗಾರಿಕಾ ರಾಸಾಯನಿಕ ಸಿಕ್ಕಿತಲ್ಲ, ಅದೇ ವಿಷಯ. ಅದು ಸೇರಿರುವ, ಫ್ಲೋರಿನ್ ಇರುವ ಮಾನವನಿರ್ಮಿತ ರಾಸಾಯನಿಕಗಳ ಪಿಎಫ್‌ಎಎಸ್ ಗುಂಪಿಗೆ (ಇಂಗ್ಲಿಷಿನ ‘ಫಾರೆವರ್ ಕೆಮಿಕಲ್ಸ್’) ‘ಶಾಶ್ವತ ರಾಸಾಯನಿಕ’ ಎಂದು ಬರೆಯುವುದು ರೂಢಿಯಾಗುತ್ತಿದೆ. ಆದರೆ ನಮ್ಮಲ್ಲಿ ‘ಶಾಶ್ವತ ಕುಡಿಯುವ ನೀರಿನ ಯೋಜನೆ’ ಎಂದು ಫಲಕ ಹಾಕುತ್ತಾರೆ. ಶಾಶ್ವತ ಎಂದರೆ ಒಳ್ಳೆಯದು ಎಂದೇ ಕಿವಿಗೆ ರೂಢಿ. ‘ಕರಗದ’ ಎಂದರಂತೂ ತಪ್ಪೇ. ಪಿಎಫ್‌ಒಎ ನೀರಿನಲ್ಲಿ ಕರಗುತ್ತದೆ, ಅದಕ್ಕೇ ಮಣ್ಣಿಗಿಳಿದು ಬಾವಿಯ ಒರತೆ ಸೇರುತ್ತದೆ. ಕರಗಿದರೂ ಒಡೆಯುವುದಿಲ್ಲ, ಇಂಗಾಲ-ಫ್ಲೋರಿನ್ ಬಂಧ ಅಷ್ಟು ಗಟ್ಟಿ. ‘ಅಳಿಯದ’, ‘ಕೊಳೆಯದ’ ಇವುಗಳಲ್ಲಿ ಯಾವುದು ಸರಿ?

‘ಕಲುಷಿತ’ವೂ ತೊಡಕು. ಅಘನಾಶಿನಿ ಬದಿಯ ಬಾವಿ ಬೇಸಿಗೆಯಲ್ಲಿ ಸವಳಾದರೆ ನಾಲಿಗೆಗೆ ತಿಳಿಯುತ್ತದೆ, ಮಳೆಗಾಲದ ರಾಡಿ ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿರುವ ಪಿಎಫ್‌ಒಎಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಲುಷಿತ ಎಂದು ಓದಿದವರು ಕಾಯಿಸಿ ಕುಡಿದರಾಯಿತು ಎಂದುಕೊಳ್ಳುತ್ತಾರೆ.

ಇನ್ನು ಪಿಪಿಟಿ, ಅಂದರೆ ‘ಪಾರ್ಟ್ಸ್ ಪರ್ ಟ್ರಿಲಿಯನ್’ ಎಂಬ ಅಳತೆ. ಅಮೆರಿಕದಲ್ಲಿ 2024ರಲ್ಲಿ ಕುಡಿಯುವ ನೀರಿನಲ್ಲಿ ಪಿಎಫ್‌ಒಎಗೂ ಅದೇ ಗುಂಪಿನ ಪಿಎಫ್‌ಒಎಸ್‌ಗೂ ತಲಾ 4 ಪಿಪಿಟಿ ಮಿತಿ ಹಾಕಿದರು. ‘ಲಕ್ಷ ಕೋಟಿಯಲ್ಲಿ 4 ಪಾಲು’ ಎಂದರೆ ಅರ್ಥವಾದೀತೇ?

ಶಿರಸಿಯಿಂದ ಉತ್ತರ:

‘ಕೊಳೆಯದ ರಾಸಾಯನಿಕ’ ಎಂದೇ ಇಡಿ. ತೋಟಕ್ಕೆ ಹಾಕಿದ ಸೊಪ್ಪು, ದರಕು ಮಣ್ಣಾಗುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ‘ಅಳಿಯದ’ ಓದಲು ಸರಿ, ಮೈಕಿನಲ್ಲಿ ಹೇಳಿದರೆ ‘ಅಳಿಯ’ ಎಂದು ಕೇಳಿಸುತ್ತದೆ.

‘ಕಲುಷಿತ’ ಬಿಟ್ಟು ‘ಪಿಎಫ್‌ಒಎ ಬೆರೆತ ನೀರು’ ಎನ್ನಿ. ಪಕ್ಕದಲ್ಲೇ ‘ಕಾಯಿಸಿದರೆ ಹೋಗದು’ ಎಂದು ದಪ್ಪಕ್ಷರದಲ್ಲಿ ಹಾಕಿ. ನೀರು ಆವಿಯಾಗಿ ಹೋಗುತ್ತದೆ, ಅದು ಪಾತ್ರೆಯಲ್ಲೇ ಉಳಿದು ಪ್ರಮಾಣ ಹೆಚ್ಚುತ್ತದೆ. ಕ್ಲೋರಿನ್, ಯುವಿ ದೀಪಗಳಿಂದಲೂ ಉಪಯೋಗವಿಲ್ಲ.

ಪಿಪಿಟಿಗೆ ‘ಲೀಟರಿಗೆ 4 ನ್ಯಾನೋಗ್ರಾಂ’ ಎಂದು ಬರೆದು, ‘25 ಕೋಟಿ ಲೀಟರಿಗೆ 1 ಗ್ರಾಂ’ ಎಂದು ಸೇರಿಸಿ. ಲ್ಯಾಬಿನ ವರದಿ ಮೈಕ್ರೋಗ್ರಾಂನಲ್ಲಿದ್ದರೆ ಸಾವಿರದಿಂದ ಗುಣಿಸಬೇಕು: 0.07 ಮೈಕ್ರೋಗ್ರಾಂ ಎಂದರೆ 70 ನ್ಯಾನೋಗ್ರಾಂ. ಸೊನ್ನೆ ನೋಡಿ ‘ಏನೂ ಇಲ್ಲ’ ಎಂದು ಓದುವವರೇ ಹೆಚ್ಚು.

ಇದನ್ನು ನೀರಿನಿಂದ ತೆಗೆಯಲು ಬಳಸುವ ಸಕ್ರಿಯ ಇಂಗಾಲಕ್ಕೆ ‘ಇದ್ದಿಲು’ ಎಂದು ದಯವಿಟ್ಟು ಬರೆಯಬೇಡಿ, ಒಲೆಯ ಇದ್ದಿಲನ್ನೇ ಕೊಡಕ್ಕೆ ಹಾಕಿಯಾರು. ‘ಕಾರ್ಬನ್ ಫಿಲ್ಟರ್’ ಸಾಕು. ಅದು ‘ಹೀರಿಕೊಳ್ಳುತ್ತದೆ’ ಎನ್ನುವುದಕ್ಕಿಂತ ‘ಅಂಟಿಸಿಕೊಳ್ಳುತ್ತದೆ’ ಎನ್ನುವುದು ಸರಿ. ಅಂಟುವ ಜಾಗ ಮುಗಿದ ಮೇಲೂ ನೀರು ತಿಳಿಯಾಗಿಯೇ ಬರುತ್ತದೆ, ಆದರೆ ರಾಸಾಯನಿಕ ದಾಟುತ್ತಿರುತ್ತದೆ; ಇದೇ ಗುಂಪಿನ ಪಿಎಫ್‌ಬಿಎಯಂಥ, ಇಂಗಾಲದ ಸರಪಳಿ ಚಿಕ್ಕದಿರುವವು ಮೊದಲು ದಾಟುತ್ತವೆ. ಹಾಗಾಗಿಯೇ ದೊಡ್ಡ ಘಟಕಗಳಲ್ಲಿ ಎರಡು ಟ್ಯಾಂಕುಗಳನ್ನು ಒಂದರ ಹಿಂದೊಂದು ಇಟ್ಟು, ನಡುವಿನ ಪೈಪಿನಿಂದ ನೀರು ತೆಗೆದು ಪರೀಕ್ಷಿಸುತ್ತಾರೆ. ಮೊದಲನೆಯದು ರಾಸಾಯನಿಕವನ್ನು ದಾಟಬಿಡಲು ಶುರುಮಾಡಿದರೆ ಅದರ ಕಾರ್ಬನ್ ಬದಲಿಸಿ, ಎರಡನೆಯದನ್ನು ಮುಂದಕ್ಕೆ ತರುತ್ತಾರೆ. ಆರ್‌ಒ ಕೂಡ ತಡೆಯುತ್ತದೆ. ಆದರೆ ಅದರ ವೇಸ್ಟ್ ನೀರಿನಲ್ಲಿ ಎಲ್ಲವೂ ಒಟ್ಟಾಗಿರುತ್ತದೆ, ಬಾವಿಕಟ್ಟೆಯ ಹತ್ತಿರ ಬಿಡಬಾರದು.

ಕರಪತ್ರದಲ್ಲಿ ಪರೀಕ್ಷೆಗೆ ನೀರಿನ ಮಾದರಿ ಹಿಡಿಯುವ ಭಾಗದಲ್ಲಿ ‘ಬಾಟಲಿಯನ್ನು ಅದೇ ನೀರಿನಿಂದ ತೊಳೆದು ತುಂಬಿಸಿ’ ಎಂಬ ಮಾಮೂಲಿ ಸಾಲು ಇದ್ದರೆ ತೆಗೆದುಬಿಡಿ. ಲ್ಯಾಬ್ ಕೊಡುವ ಬಾಟಲಿಯಲ್ಲಿ ಮೊದಲೇ ಹಾಕಿದ ಪುಡಿ ಇರುತ್ತದೆ, ತೊಳೆದರೆ ಹೋಗುತ್ತದೆ. ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪೂ ಇದೇ ಫ್ಲೋರಿನ್ ಕುಲದ್ದು; ಹೊಸದಾಗಿ ಸುತ್ತಿದ ನಲ್ಲಿಯಿಂದ ಮಾದರಿ ಹಿಡಿಯಬೇಡಿ ಎಂದೂ ಸೇರಿಸಿ.