ಆಲ್ಟರ್ನೇಟರ್ ‘ರೀಬಿಲ್ಡ್’ ಮಾಡಿಸುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮೂರು ದಿನದಿಂದ ಒಂದೇ ಪದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ. ಹಳೇ ಗಾಡಿ ಇಟ್ಟುಕೊಂಡವರಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕೈಕೊಟ್ಟಾಗ ಇರುವುದನ್ನೇ ರೀಬಿಲ್ಡ್ ಮಾಡಿಸಬೇಕೋ, ಹೊಸದು ಹಾಕಿಸಬೇಕೋ ಅನ್ನುವುದು ಈಗಿನ ಅಧ್ಯಾಯ. ‘ಹೊಸದು ಹಾಕಿಸು’ ಸಲೀಸಾಗಿ ಬಂತು. ‘ರೀಬಿಲ್ಡ್’ ಹತ್ತಿರ ನಿಂತುಬಿಟ್ಟೆ.

ಈ ತಲೆನೋವು ಶುರುವಾಗಿದ್ದೇ ನನ್ನ ಗಾಡಿಯಿಂದ. ಬ್ಯಾಟರಿ ಚಿತ್ರದ ಕೆಂಪು ದೀಪ ಆರದೆ ಉರಿಯುತ್ತಿತ್ತು. ಮೆಕ್ಯಾನಿಕ್ ನೋಡಿ, ‘ಡೈನಮೋ ಹೋಗಿದೆ ಸಾರ್’ ಅಂದರು. ಆಲ್ಟರ್ನೇಟರಿಗೆ ಅವರು ಅನ್ನುವುದೇ ಹಾಗೆ. ಸಂಜೆ ಫೋನ್ ಮಾಡಿ, ‘ಚೇಂಜ್ ಮಾಡಿದೀನಿ, ಬನ್ನಿ’ ಅಂದರು. ಇಡೀ ಆಲ್ಟರ್ನೇಟರ್ ಹೊಸದು ಅಂದುಕೊಂಡೇ ಹೋದೆ. ಬಾನೆಟ್ ಎತ್ತಿದರೆ ಎಣ್ಣೆ ಜಿಡ್ಡು ಮೆತ್ತಿದ ಅದೇ ಹಳೇ ಪೀಸು! ಬದಲಾಗಿದ್ದು ಎರಡು ಕಾರ್ಬನ್ ಬ್ರಶ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು) ಮಾತ್ರ. ಹಳೆಯವನ್ನು ಅಂಗೈ ಮೇಲೆ ಇಟ್ಟು ತೋರಿಸಿದರು. ಒಂದು ಸವೆದು ಸವೆದು ಮೊಂಡು ಪೆನ್ಸಿಲ್ ಮೊನೆಯಷ್ಟಾಗಿತ್ತು. ಅವರು ಸುಳ್ಳೇನೂ ಹೇಳಿರಲಿಲ್ಲ. ‘ಚೇಂಜ್ ಮಾಡಿದೀನಿ’ ಅಂದರು, ಏನನ್ನು ಅಂತ ನಾನು ಕೇಳಲಿಲ್ಲ, ಅಷ್ಟೇ. ಕರ್ಮಪದ ನುಂಗಿ ಮಾತಾಡುವುದು ನಮಗೆಲ್ಲ ಅಭ್ಯಾಸ ಅಲ್ವಾ? ಎರಡು ತಿಂಗಳಿಗೆ ಬೇರಿಂಗ್ ಕೂಗಲು ಶುರುವಾಯಿತು. ಅದೇ ಆಲ್ಟರ್ನೇಟರನ್ನು ಮತ್ತೆ ಇಳಿಸಬೇಕಾಯಿತು.

ಅಲ್ಲಿಗೆ ನಾನು ‘ರಿಪೇರಿ’ ಪದವನ್ನು ಪಕ್ಕಕ್ಕಿಟ್ಟೆ. ಬ್ರಶ್ ಒಂದನ್ನೇ ಹಾಕಿದ್ದು ರಿಪೇರಿ. ರೀಬಿಲ್ಡ್ ಅಂದರೆ ಪೂರ್ತಿ ಬಿಚ್ಚಿ, ತೊಳೆದು, ಸವೆಯುವುದನ್ನೆಲ್ಲ ಒಟ್ಟಿಗೆ ಹೊಸದು ಹಾಕುವುದು: ಬ್ರಶ್, ಮುಂದಿನ ಹಿಂದಿನ ಎರಡು ಬೇರಿಂಗ್, ಬೇಕಿದ್ದರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಮತ್ತು ಕರೆಂಟನ್ನು ಬ್ಯಾಟರಿಗೆ ತಕ್ಕ ಹಾಗೆ ಮಾಡುವ ಡಯೋಡ್ ಪ್ಲೇಟ್. ಬ್ರಶ್ ತಾಗಿ ತಿರುಗುವ ಸ್ಲಿಪ್ ರಿಂಗ್‌ನಲ್ಲಿ ಗೀರು ಬಿದ್ದಿದ್ದರೆ ಅದನ್ನೂ ನುಣುಪು ಮಾಡಬೇಕು. ‘ದುರಸ್ತಿ’ ಅಂದರೂ ಇದೇ ಕಷ್ಟ. ಪಾರ್ಸಿಯ ‘ದುರುಸ್ತ್’ ಅಂದರೆ ಸರಿ ಅಂತ ಅರ್ಥ. ಕೆಟ್ಟಿದ್ದನ್ನು ಸರಿಮಾಡುವುದು ಅಷ್ಟೇ ಅದರಲ್ಲಿದೆ. ಇನ್ನೂ ಕೆಡದ, ಆದರೆ ನಾಳೆ ಕೆಡುವ ಬೇರಿಂಗ್ ಅದರಲ್ಲಿ ಬರುವುದಿಲ್ಲ.

‘ಪುನರ್ನಿರ್ಮಾಣ’ ಅಂದರೆ ಸೇತುವೆ ನೆನಪಾಗುತ್ತದೆ. ‘ನವೀಕರಣ’ ಅಂದರೆ ಲೈಸೆನ್ಸ್. ಅರ್ಥಕ್ಕೆ ತುಂಬ ಹತ್ತಿರದ ಪದ ಅಂದರೆ ‘ಜೀರ್ಣೋದ್ಧಾರ’. ಜೀರ್ಣವಾದದ್ದನ್ನು ಮೇಲೆತ್ತುವುದು, ಇದಕ್ಕಿಂತ ಇನ್ನೇನು ಬೇಕು! ಆದರೆ ‘ಆಲ್ಟರ್ನೇಟರ್ ಜೀರ್ಣೋದ್ಧಾರ’ ಅಂತ ಬರೆದರೆ ಓದಿದವರು ಚಂದಾ ಪುಸ್ತಕ ಎಲ್ಲಿ ಅಂತ ಕೇಳುತ್ತಾರೆ.

‘ಮರುಕಟ್ಟು’ ನನಗೆ ಬಹಳ ಹಿಡಿಸಿತ್ತು. ಮನೆಯನ್ನೂ ಕಟ್ಟುತ್ತೇವೆ, ಹೂವನ್ನೂ ಕಟ್ಟುತ್ತೇವೆ. ಮೋಟರ್ ಸುಟ್ಟರೆ ‘ಕಾಯಿಲ್ ಕಟ್ಟಿಸಿದೆ’ ಅನ್ನುತ್ತೇವೆ. ಎಡವಟ್ಟು ಇರುವುದೂ ಅಲ್ಲೇ. ‘ಮರುಕಟ್ಟಿಸಿದೆ’ ಅಂದರೆ ಕೇಳಿದವರಿಗೆ ತಾಮ್ರದ ತಂತಿಯೇ ಕಣ್ಣಿಗೆ ಬರುತ್ತದೆ. ನಿಜವಾಗಿ ರೀಬಿಲ್ಡ್‌ನಲ್ಲಿ ತಂತಿಯನ್ನು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಸ್ಟೇಟರ್ (ತಂತಿ ಸುತ್ತಿದ, ತಿರುಗದ ಭಾಗ) ಸುಟ್ಟು ಕಪ್ಪಾಗಿದ್ದರೆ, ಬೇರಿಂಗ್ ಕೂರುವ ಗುಣಿಯೇ ಸವೆದಿದ್ದರೆ, ಆಗ ರೀಬಿಲ್ಡ್ ಮಾತು ಬಿಟ್ಟು ಬೇರೆ ಹಾಕಿಸುವುದೇ ವಾಸಿ. ಗಾಡಿ ತೀರಾ ಹಳೆಯದಾಗಿ, ಬೋಲ್ಟ್ ತೂತು ಮತ್ತು ಪುಲ್ಲಿ ಹೊಂದುವ ಹೊಸ ಪೀಸು ಸಿಗದಿದ್ದರೆ ಮಾತ್ರ ಸುಟ್ಟ ಸ್ಟೇಟರನ್ನೂ ಕಟ್ಟಿಸಬೇಕಾಗಬಹುದು.

‘ಹೊಸದು’ ಅನ್ನುವ ಪದವನ್ನೂ ಪೂರ್ತಿ ನಂಬುವ ಹಾಗಿಲ್ಲ. ಹಳೇ ಪೀಸು ಕೊಟ್ಟು, ರಿಕಂಡೀಷನ್ ಆಗಿದ್ದನ್ನು, ಅಂದರೆ ಬೇರೆಲ್ಲೋ ರೀಬಿಲ್ಡ್ ಆದದ್ದನ್ನು, ತಂದು ಹಾಕಿದರೂ ‘ಹೊಸದು ಹಾಕಿದೆ’ ಅನ್ನುವವರಿದ್ದಾರೆ. ಆ ಗಾಡಿಗೆ ಅದು ಹೊಸದು, ನಿಜ. ಹಾಗಾಗಿ ಕೈಪಿಡಿಯಲ್ಲಿ ‘ಹೊಚ್ಚ ಹೊಸದು’, ‘ಬೇರೆಯದು’ ಅಂತ ಎರಡು ಮಾಡಿಕೊಂಡಿದ್ದೇನೆ.

ಡೈನಮೋ ಬಗ್ಗೆಯೂ ಒಂದು ಮಾತು. ಹಿಂದೆ ಕಾರಿನಲ್ಲಿ ಇದ್ದದ್ದು ನಿಜವಾಗಿಯೂ ಡೈನಮೋ. ಕಮ್ಯುಟೇಟರ್ ಅನ್ನುವ ತಾಮ್ರದ ಬಳೆ ಇಟ್ಟುಕೊಂಡು ಡಿಸಿ (ಒಂದೇ ದಿಕ್ಕಿನ ಕರೆಂಟ್) ಕೊಡುತ್ತಿತ್ತು, ಎಂಜಿನ್ ನಿಧಾನಕ್ಕೆ ಓಡುವಾಗ ಚಾರ್ಜ್ ಸಾಲುತ್ತಿರಲಿಲ್ಲ. 1960ರ ಹೊತ್ತಿಗೆ ಕಾರುಗಳಿಗೆ ಆಲ್ಟರ್ನೇಟರ್ ಬರತೊಡಗಿತು. ಒಳಗೆ ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಹುಟ್ಟಿಸಿ, ಡಯೋಡ್‌ಗಳಿಂದ ಡಿಸಿ ಮಾಡಿ ಬ್ಯಾಟರಿಗೆ ಕಳಿಸುವ ಯಂತ್ರ ಅದು. ಯಂತ್ರ ಬದಲಾಯಿತು, ಹೆಸರು ನಾಲಿಗೆಯಲ್ಲೇ ಉಳಿಯಿತು. ತಮಾಷೆ ಏನೆಂದರೆ, ಸೈಕಲ್ ಚಕ್ರಕ್ಕೆ ಒತ್ತಿಕೊಂಡು ತಿರುಗುವ ‘ಡೈನಮೋ’ ಕೂಡ ಎಸಿಯನ್ನೇ ಕೊಡುವುದು! ನಾನಂತೂ ಮೊದಲ ಸಲ ‘ಆಲ್ಟರ್ನೇಟರ್, ಅಂದರೆ ಮೆಕ್ಯಾನಿಕ್‌ಗಳ ಡೈನಮೋ’ ಅಂತ ಬರೆದು ಮುಂದೆ ಹೋಗಿದ್ದೇನೆ.

ಇಷ್ಟೆಲ್ಲ ಸುತ್ತಿ ಸದ್ಯಕ್ಕೆ ನಿಂತಿರುವುದು ‘ಪೂರಾ ಕೆಲಸ’ದ ಹತ್ತಿರ. ‘ಎಂಜಿನ್ ಕೆಲಸಕ್ಕೆ ಬಂದಿದೆ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ‘ಬರೀ ಬ್ರಶ್ ಸಾಕೋ, ಪೂರಾ ಕೆಲಸ ಮಾಡಿಸಬೇಕೋ?’ ಅನ್ನುವ ವಾಕ್ಯ ಚೆನ್ನಾಗಿಯೇ ಕೂತಿದೆ. ಅದರ ಕೆಳಗೆ ಪರೀಕ್ಷೆಯನ್ನೂ ಬರೆದೆ: ಮೊದಲು ಬೆಲ್ಟ್ ಬಿಗಿ ನೋಡಿ, ಬ್ಯಾಟರಿ ಟರ್ಮಿನಲ್ ಉಜ್ಜಿ. ಆಮೇಲೆ ಎಂಜಿನ್ ಓಡುವಾಗ ಬ್ಯಾಟರಿಯ ಎರಡೂ ಟರ್ಮಿನಲ್ಲಿಗೆ ವೋಲ್ಟ್ ಮೀಟರ್ ಹಿಡಿಯಿರಿ. 12 ವೋಲ್ಟ್ ಗಾಡಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ತೋರಿಸಿದರೆ ಚಾರ್ಜ್ ಸರಿಯಿದೆ.

ಆದರೆ ವಿಶೇಷಣ ಮಾಡಲು ಹೋದಾಗ ಕೈಕೊಟ್ಟಿತು. ‘ಪೂರಾ ಕೆಲಸ ಮಾಡಿದ ಆಲ್ಟರ್ನೇಟರ್’ ಅಂದರೆ ಪಾಪ, ಆಲ್ಟರ್ನೇಟರೇ ದುಡಿದು ದಣಿದ ಹಾಗೆ ಕೇಳುತ್ತದೆ. ‘ಮಾಡಿಸಿದ’ ಅಂದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ಇದಕ್ಕೆ ನಿಮ್ಮ ಕಡೆ ಗ್ಯಾರೇಜಿನಲ್ಲಿ ಏನನ್ನುತ್ತಾರೆ? ಸುಮ್ನೆ ‘ರಿಕಂಡೀಷನ್ ಆಲ್ಟರ್ನೇಟರ್’ ಅಂತಲೇ ಉಳಿಸಿಕೊಳ್ಳಲಾ? ಹೊಸದಾಗಿ ಕಟ್ಟಿದ ಪದಕ್ಕಿಂತ, ಕಿವಿಯಾರೆ ಕೇಳಿದ್ದು ಇದ್ದರೆ ಮೊದಲು ಅದನ್ನು ತಿಳಿಸಿ.